ಬ್ಲ್ಯಾಕ್‌ಬೆರಿ

ಓಡಾಡುತ್ತಲೇ ಇಮೇಲ್ ಓದಿ ಉತ್ತರಿಸಲು ಬಳಕೆಗೆ ಬಂದ ಅಂಗೈಯಗಲದ ನಿಸ್ತಂತು ಸಾಧನ. ಕೆನಡಾದ ವಾಟರ್ಲೂ ನಗರದ ರಿಸರ್ಚ್ ಇನ್ ಮೋಷನ್ ಕಂಪನಿ (ಸ್ಥಾಪನೆ 1984) ಇದನ್ನು 1999ರಲ್ಲಿ ಹೊರತಂದಿತು. ಮೊದಲ ಮಾದರಿ 850 ನೋಡಲು ಪೇಜರ್‌ನಂತಿತ್ತು. ಅದರಲ್ಲಿ ಫೋನ್ ಇರಲಿಲ್ಲ. ಒಂದೇ ಒಂದು ಎಎ ಸೆಲ್ಲಿನಿಂದ ನಡೆಯುತ್ತಿತ್ತು. ಮಾತನಾಡುವ ಸೌಲಭ್ಯ ಕೂಡಿಕೊಂಡದ್ದು 2002ರಲ್ಲಿ.

ಇದರ ನಿಜವಾದ ಹೆಚ್ಚುಗಾರಿಕೆ ಇದ್ದದ್ದು ಪತ್ರ ತಲುಪಿಸುವ ಬಗೆಯಲ್ಲಿ. ಅಂಚೆ ಬಂದಿದೆಯೇ ಎಂದು ಬಳಕೆದಾರ ಮತ್ತೆ ಮತ್ತೆ ಸಂಪರ್ಕ ಸಾಧಿಸಿ ನೋಡಬೇಕಿರಲಿಲ್ಲ. ಕಚೇರಿಯ ಸರ್ವರ್‌ಗೆ ಪತ್ರ ಬಂದೊಡನೆ ಅದನ್ನು ಕುಗ್ಗಿಸಿ, ಗೂಢಲಿಪಿಗೆ ಬದಲಿಸಿ, ತಾನಾಗಿಯೇ ಸಾಧನದತ್ತ ದೂಡಲಾಗುತ್ತಿತ್ತು. ಆಗಿನ ಬಡಕಲು ನಿಸ್ತಂತು ಜಾಲಗಳಲ್ಲಿ ಇದು ಸಾಧ್ಯವಾದದ್ದು ದೊಡ್ಡ ಸಾಧನೆಯೇ ಸರಿ. 2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯ ದಿನ ನ್ಯೂಯಾರ್ಕ್‌ನಲ್ಲಿ ಮೊಬೈಲ್ ಕರೆಗಳು ಸಿಗದೆ ಜನ ತತ್ತರಿಸುತ್ತಿದ್ದಾಗಲೂ ಬ್ಲ್ಯಾಕ್‌ಬೆರಿಯ ಸಂದೇಶಗಳು ತಲುಪುತ್ತಿದ್ದವು.

ಪುಟ್ಟ ಗುಂಡಿಗಳ ಕೀಲಿಮಣೆಯನ್ನು ಎರಡು ಹೆಬ್ಬೆರಳುಗಳಿಂದಲೇ ಒತ್ತಬೇಕಿತ್ತು. ಖಾಲಿಜಾಗದ ಗುಂಡಿಯನ್ನು ಎರಡು ಸಲ ಒತ್ತಿದರೆ ಪೂರ್ಣವಿರಾಮ ಬೀಳುತ್ತಿತ್ತು. ಹೊಸ ಪತ್ರ ಬಂದರೆ ಮೂಲೆಯಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಅದನ್ನು ಕಂಡೂ ಕೈಗೆತ್ತಿಕೊಳ್ಳದೆ ಇರುವುದು ಬಹಳ ಜನಕ್ಕೆ ಕಷ್ಟವಾಗಿತ್ತು. ಕಚೇರಿಯ ಕೆಲಸ ಊಟದ ಮನೆಗೂ ನುಗ್ಗಿದ್ದು ಹೀಗೆ.

ಭಾರತಕ್ಕೆ ಇದು 2004ರಲ್ಲಿ ಬಂತು. ಗೂಢಲಿಪಿಯ ಸಂದೇಶಗಳನ್ನು ಭದ್ರತಾ ಸಂಸ್ಥೆಗಳು ಓದಲಾಗದೆಂಬ ಕಾರಣಕ್ಕೆ 2010ರಲ್ಲಿ ಕೇಂದ್ರ ಸರ್ಕಾರ ಸೇವೆಯನ್ನೇ ತಡೆಯುವ ಎಚ್ಚರಿಕೆ ಕೊಟ್ಟಿತ್ತು. ಐಫೋನ್, ಆಂಡ್ರಾಯ್ಡ್ ಫೋನ್‌ಗಳ ಮುಂದೆ ಬೇಡಿಕೆ ಕುಸಿಯಿತು. ಹಳೆಯ ಬ್ಲ್ಯಾಕ್‌ಬೆರಿ ತಂತ್ರಾಂಶದ ಸಾಧನಗಳಿಗೆ ಕಂಪನಿಯ ಸೇವೆ 2022ರ ಜನವರಿ 4ರಂದು ನಿಂತಿತು.