ನೀರು, ಲೆಕ್ಕ ಮತ್ತು ಗ್ರಾಮಸಭೆ: ಬೀದರ್ ಸೀಮೆಯ ಪಂಚಾಯತಿಗಳಲ್ಲಿ ಜನರ ಪಾಲುದಾರಿಕೆ

ಕುಡಿಯುವ ನೀರು, ಚರಂಡಿ, ಬೀದಿದೀಪದಂಥ ಸೇವೆಗಳನ್ನು ಸ್ಥಳೀಯ ಆಡಳಿತವೂ ಬಳಕೆದಾರರೂ ಕೂಡಿ ನಡೆಸುವುದನ್ನು ವಿದ್ವಾಂಸರು ಸಹ-ಉತ್ಪಾದನೆ ಎನ್ನುತ್ತಾರೆ. 1970ರ ದಶಕದಲ್ಲಿ ಎಲಿನಾರ್ ಆಸ್ಟ್ರಮ್ ಮತ್ತು ಸಂಗಡಿಗರು ಅಮೆರಿಕದ ಪೊಲೀಸ್ ಸೇವೆಯ ಅಧ್ಯಯನದಿಂದ ಈ ಪರಿಕಲ್ಪನೆಯನ್ನು ಬೆಳೆಸಿದರು. ಕರ್ನಾಟಕದ ಹಳ್ಳಿಗಳಲ್ಲಿ ಅದಕ್ಕೆ ಆಸರೆಯಾಗಿರುವುದು 1993ರ ಪಂಚಾಯತ್ ರಾಜ್ ಅಧಿನಿಯಮ. ಅದರಂತೆ ಬೇಡಿಕೆಗಳು ವಾರ್ಡ್ ಸಭೆಯಲ್ಲಿ ಮೂಡಿ, ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಗ್ರಾಮಸಭೆಗೆ ಬರುತ್ತವೆ. ಯಾವ ಕೆಲಸ ಮೊದಲು, ಯಾರು ಫಲಾನುಭವಿ ಎಂಬುದು ಅಲ್ಲಿ ಚರ್ಚೆಯಾಗುತ್ತದೆ.

ಬಸವಕಲ್ಯಾಣ–ಹುಮನಾಬಾದ್ ಸೀಮೆಯ ಗೋರ್ಟಾ (ಬಿ)ಯಂಥ ಊರುಗಳಲ್ಲಿ ಈ ಪಾಲುದಾರಿಕೆಯನ್ನು ಅಳೆಯಲು ನೀರೇ ತಕ್ಕ ವಿಷಯ. ವಿಶ್ವಬ್ಯಾಂಕ್ ನೆರವಿನ ಜಲನಿರ್ಮಲ ಯೋಜನೆ ಬೀದರ್ ಸೇರಿ ಉತ್ತರದ 11 ಜಿಲ್ಲೆಗಳಲ್ಲಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗಳನ್ನು ಕಟ್ಟಿ, ವೆಚ್ಚದ ಒಂದು ಪಾಲನ್ನು ಊರಿನವರಿಂದಲೇ ಕೇಳಿತು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಇದೇ ದಾರಿ ಹಿಡಿದಿದೆ. ತಲೆಗೆ ದಿನಕ್ಕೆ 55 ಲೀಟರ್ ನೀರು ಅದರ ಗುರಿ. ಊರೊಳಗಿನ ಕಾಮಗಾರಿಗೆ ಸಾಮಾನ್ಯವಾಗಿ ಶೇ. 10ರಷ್ಟು ವಂತಿಗೆ ಹಣ, ಸಾಮಗ್ರಿ ಇಲ್ಲವೇ ದುಡಿಮೆಯ ರೂಪದಲ್ಲಿ ಸಲ್ಲಬೇಕು. ಸಮಿತಿಯ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು.

ನೀರಿನ ಗುಣಮಟ್ಟದ ತಪಾಸಣೆಗೆ ಪ್ರತಿ ಊರಿನ ಐವರು ಮಹಿಳೆಯರಿಗೆ ತರಬೇತಿ ನೀಡುವುದು ಮಿಷನ್‌ನ ಕ್ರಮ. ಉದಾಹರಣೆಗೆ, ಕ್ಲೋರಿನ್ ತಪಾಸಣೆ ಸರಳ: ಕೊನೆಯ ಮನೆಯ ನಲ್ಲಿಯಿಂದ ಪುಟ್ಟ ಬಾಟಲಿಗೆ ನೀರು ಹಿಡಿದು, ದ್ರಾವಣದ ಹನಿ ಬಿಟ್ಟು, ಮೂಡಿದ ಬಣ್ಣವನ್ನು ಪಟ್ಟಿಯ ಬಣ್ಣಕ್ಕೆ ಹೋಲಿಸಬೇಕು. ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ, ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಸಾಲದಾಗಿದೆ ಅಥವಾ ಪೈಪಿನಲ್ಲಿ ಎಲ್ಲೋ ಕೊಳೆ ಸೇರುತ್ತಿದೆ ಎಂಬ ಸೂಚನೆ. ಆಗ ನೀರು ಬಿಡುವ ನೀರುಗಂಟಿಯನ್ನು ಕೇಳಲು ಬಳಕೆದಾರರ ಕೈಯಲ್ಲಿ ಪುರಾವೆ ಇರುತ್ತದೆ.

ಹಣದ ವಿಷಯದಲ್ಲಿ ಇಂಥ ಪುರಾವೆ ಒದಗಿಸುವುದು ಜಮಾಬಂದಿ. ವರ್ಷಕ್ಕೊಮ್ಮೆ ಪಂಚಾಯತಿಯ ಜಮಾ–ಖರ್ಚನ್ನು ಜನರ ಮುಂದೆ ಓದಲಾಗುತ್ತದೆ. ಅಳತೆ ಪುಸ್ತಕದಲ್ಲಿ ಬರೆದ ಚರಂಡಿ ಬೀದಿಯಲ್ಲಿ ಅಷ್ಟೇ ಉದ್ದವಿದೆಯೇ ಎಂದು ಸ್ಥಳದಲ್ಲೇ ನೋಡಲಾಗುತ್ತದೆ.

ಈ ವ್ಯವಸ್ಥೆಯ ಮಿತಿಗಳೂ ಇಲ್ಲೇ ಇವೆ. ಕೂಲಿಯ ದಿನ ಸಭೆ ಕರೆದರೆ ಕೂಲಿಕಾರರು ಬರಲಾರರು. ವಂತಿಗೆಯನ್ನು ಗುತ್ತಿಗೆದಾರನೇ ತುಂಬಿದರೆ ಊರಿಗೆ ಒಡೆತನ ಉಳಿಯದು. ವಂತಿಗೆ ಕೊಟ್ಟವರಿಗೆ ಲೆಕ್ಕ ನೋಡುವ ಅವಕಾಶವೂ ದೊರೆತಲ್ಲಿ ಮಾತ್ರ ಪಾಲುದಾರಿಕೆ ಪೂರ್ಣವಾಗುತ್ತದೆ. ಇಲ್ಲವಾದರೆ ಅದು ಇನ್ನೊಂದು ಕರವಾಗಿ ಉಳಿಯುತ್ತದೆ.