ಕೊಳೆಯ ಮಾತುಗಳು

ನಿಘಂಟಿನಲ್ಲಿ ಇಂಗ್ಲಿಷಿನ ‘ಡರ್ಟಿ’, ‘ಫಿಲ್ತಿ’, ‘ಅನ್‌ಕ್ಲೀನ್’ ಎಂಬ ಮೂರು ಮಾತುಗಳಿಗೂ ‘ಕೊಳಕು’ ಎಂಬ ಒಂದೇ ಅರ್ಥವನ್ನು ಕಂಡು ವಾಚಕರು ತೃಪ್ತರಾಗಬಹುದು. ಆದರೆ ಒಂದೇ ಮನೆಯಲ್ಲಿ ನೆಲಸಿದ ಮಾತ್ರಕ್ಕೆ ಎಲ್ಲರ ಹುಟ್ಟೂರು ಒಂದೇ ಆಗುವುದೆ? ಇವುಗಳ ಚರಿತ್ರೆಯನ್ನು ತುಸು ವಿಚಾರಿಸೋಣ.

‘ಡರ್ಟ್’ ಸ್ಕ್ಯಾಂಡಿನೇವಿಯದವರ ಸಂಪರ್ಕದಿಂದ ಇಂಗ್ಲಿಷಿಗೆ ಬಂದ ಮಾತು. ಪ್ರಾಚೀನ ನಾರ್ಸ್ ಭಾಷೆಯಲ್ಲಿ ಅದು ‘ದ್ರಿತ್’; ಅರ್ಥ, ಮಲ. ಇಂಗ್ಲಿಷರ ಬಾಯಲ್ಲಿ ರಕಾರವು ಸ್ಥಳ ಬದಲಿಸಿತು, ಅರ್ಥವೂ ಸೌಮ್ಯವಾಯಿತು. ಈಗ ಆಡಿ ಬಂದ ಮಗುವಿನ ಕೈಮಣ್ಣು ಕೂಡ ‘ಡರ್ಟ್’. ತೊಳೆದರೆ ಹೋಯಿತು.

‘ಫಿಲ್ತ್’ ಎಂಬುದು ‘ಫೌಲ್’ ಎಂಬ ಅಚ್ಚ ಇಂಗ್ಲಿಷ್ ಪದದ ಭಾವನಾಮ. ಸಂಸ್ಕೃತದ ‘ಪಿತೃ’ವಿಗೆ ‘ಫಾದರ್’ ಹೇಗೋ, ‘ಪೂತಿಗಂಧ’ದ ‘ಪೂತಿ’ಗೆ ‘ಫೌಲ್’ ಹಾಗೆ ಜ್ಞಾತಿ. ಕೊಳೆತು ನಾರುವುದು ಇದರ ಮೂಲಾರ್ಥ. 1858ರ ಬೇಸಗೆಯಲ್ಲಿ ಲಂಡನ್ನಿನ ಹೊಲಸೆಲ್ಲ ಸೇರಿ ಥೇಮ್ಸ್ ನದಿ ನಾರಿ, ದಡದ ಪಾರ್ಲಿಮೆಂಟಿನಲ್ಲಿ ಕುಳಿತಿರುವುದೇ ಕಷ್ಟವಾಯಿತಲ್ಲ, ಅದು ‘ಫಿಲ್ತ್’. ಅದನ್ನು ಕಳೆಯಲು ನಗರಕ್ಕೆ ಹೊಸ ಒಳಚರಂಡಿಗಳೇ ಬೇಕಾದವು.

‘ಅನ್‌ಕ್ಲೀನ್’ ಇವೆರಡಕ್ಕಿಂತ ಭಿನ್ನ. 1611ರ ಇಂಗ್ಲಿಷ್ ಬೈಬಲಿನ ‘ಲೆವಿಟಿಕಸ್’ ಭಾಗದಲ್ಲಿ ಹಂದಿಯಂತೆ ಒಂಟೆಯೂ ಮೊಲವೂ ‘ಅನ್‌ಕ್ಲೀನ್’. ಎಷ್ಟು ತೊಳೆದರೂ ಒಂಟೆಗೆ ಆ ಹೆಸರು ತಪ್ಪದು. ಕುಷ್ಠರೋಗಿಯು ತಾನು ಅಂಥವನೆಂದು ತಾನೇ ಕೂಗಿಕೊಂಡು ಪಾಳೆಯದ ಹೊರಗೆ ವಾಸಿಸಬೇಕು. ಇದಕ್ಕೆ ಸಮೀಪವಾದ ಕನ್ನಡದ ಮಾತು ‘ಕೊಳೆ’ಯಲ್ಲ, ‘ಮೈಲಿಗೆ’. ಕೊಳೆ ಕಣ್ಣಿಗೆ ಕಾಣುತ್ತದೆ. ಮೈಲಿಗೆ ಕಟ್ಟಳೆಗೆ ಮಾತ್ರ ಕಾಣುತ್ತದೆ.

ಇಂಥ ಮಾತು ಮನುಷ್ಯರಿಗೆ ಅಂಟಿದಾಗಲೇ ಅನರ್ಥ. ಬುಲ್ವರ್ ಲಿಟ್ಟನ್ನನ 1830ರ ‘ಪಾಲ್ ಕ್ಲಿಫರ್ಡ್’ ಕೃತಿಯಲ್ಲಿ ಕಾಣಿಸಿಕೊಂಡ ‘ಗ್ರೇಟ್ ಅನ್‌ವಾಷ್ಡ್’, ಎಂದರೆ ‘ಮೈತೊಳೆಯದ ಮಹಾಜನ’ ಎಂಬ ಮಾತು ಮುಂದೆ ಬಡ ಜನಸಾಮಾನ್ಯರ ಅಡ್ಡಹೆಸರಾಯಿತು. ಆದರೆ ಆ ದುಡಿಯುವವರ ಬೀದಿಗಳಲ್ಲಿ ಸಾಕಷ್ಟು ನೀರಾಗಲಿ ನೆಟ್ಟನೆಯ ಚರಂಡಿಯಾಗಲಿ ಇರಲಿಲ್ಲವೆಂಬುದನ್ನು 1842ರಲ್ಲಿ ಎಡ್ವಿನ್ ಚಾಡ್ವಿಕ್ಕನ ವರದಿ ತೋರಿಸಿಕೊಟ್ಟಿತು. ತೊಳೆಯಲು ನೀರಿಲ್ಲದವನನ್ನು ತೊಳೆಯದವನೆಂದು ಹಳಿದಂತಾಯಿತು!

ನಗುವ ಮುನ್ನ ನಮ್ಮ ಬಾವಿಕಟ್ಟೆಗಳನ್ನು ನೆನೆಯೋಣ. ನೀರು ಮುಟ್ಟಗೊಡದೆ, ಮುಟ್ಟಿದರೆ ಮೈಲಿಗೆಯೆಂದವರು ನಾವೂ ಅಲ್ಲವೆ? 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಕೈಗಂಟಿದ ಕೊಳೆಗೆ ಸಾಬೂನುಂಟು. ನಾಲಗೆ ಅಂಟಿಸಿದ ಕೊಳೆಯನ್ನು ನಾಲಗೆಯೇ ತೊಳೆಯಬೇಕು.