ಕಡಲಿಗೆ ಹಾಕಿದ ಹಣದ ಲೆಕ್ಕ

ಮಲ್ಪೆಯಿಂದ ಹೊರಡುವ ಬೋಟಿಗೆ ಮೀನಿನ ಸುಳಿವು ಬರುವುದು ಕಡಲೇ ಇಲ್ಲದ ಹೈದರಾಬಾದಿನಿಂದ. 1999ರಲ್ಲಿ ಅಲ್ಲಿ ಆರಂಭವಾದ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್, ಉಪಗ್ರಹಗಳು ಅಳೆದ ಮೇಲ್ನೀರಿನ ಉಷ್ಣತೆಯನ್ನೂ ಪತ್ರಹರಿತ್ತಿನ ಪ್ರಮಾಣವನ್ನೂ ಕೂಡಿಸಿ ನೋಡುತ್ತದೆ. ಬಿಸಿನೀರು ತಣ್ಣೀರು ಸಂಧಿಸುವಲ್ಲಿ ಸಸ್ಯಪ್ಲವಕ ದಟ್ಟವಾಗುತ್ತದೆ. ಅದನ್ನರಸಿ ಬಂಗುಡೆ, ಬೂತಾಯಿ ಬರುತ್ತವೆ. ಆ ಜಾಗದ ದಿಕ್ಕು, ದೂರ, ಆಳದ ವಿವರ ಕನ್ನಡದಲ್ಲೂ ಸಿಗುತ್ತದೆ. ಹುಡುಕಾಟ ತಗ್ಗಿದಷ್ಟೂ ಡೀಸೆಲ್ ಉಳಿತಾಯ.

ಇಂಥ ಲಾಭವನ್ನು ರೂಪಾಯಿಯಲ್ಲಿ ಅಳೆಯುವ ಯತ್ನವೂ ನಡೆದಿದೆ. ಮುಂಗಾರಿನ ಮುನ್ಸೂಚನೆ ಸುಧಾರಿಸುವ ಮಾನ್ಸೂನ್ ಮಿಷನ್ ಮತ್ತು ಸೂಪರ್ ಕಂಪ್ಯೂಟರುಗಳಿಗೆ ಹಾಕಿದ ಸುಮಾರು 1,000 ಕೋಟಿ ರೂಪಾಯಿಯನ್ನು ರಾಷ್ಟ್ರೀಯ ಆನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿ 2020ರಲ್ಲಿ ತೂಗಿ ನೋಡಿತು. ಐದು ವರ್ಷದಲ್ಲಿ ಒಂದು ರೂಪಾಯಿಗೆ 50 ರೂಪಾಯಿ ಲಾಭವೆಂಬುದು ಅದರ ಅಂದಾಜು. ಸಿಂಹಪಾಲು ಮೀನುಗಾರರದಲ್ಲ, ಮಳೆಯಾಶ್ರಿತ ರೈತರದು. ಸಮೀಕ್ಷೆಯಲ್ಲಿ ಜನ ಹೇಳಿಕೊಂಡ ಆದಾಯವನ್ನು ಆಧರಿಸಿದ ಲೆಕ್ಕವಿದು. 50 ಎಂಬ ಅಂಕಿಯನ್ನು ಪಂಚಾಂಗದಂತೆ ನಂಬಬೇಕಿಲ್ಲ. ಆದರೆ ಕಡಲಿಗೂ ಬಯಲುಸೀಮೆಯ ಬಿತ್ತನೆಗೂ ಇರುವ ನಂಟನ್ನು ಅದು ಸರಿಯಾಗಿಯೇ ಹಿಡಿದಿದೆ. ಮುಂಗಾರಿನ ಮುನ್ಸೂಚನೆಗೆ ಸಾಗರದ ಉಷ್ಣತೆಯ ಮಾಹಿತಿ ಬೇಕು. ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆದ್ದು ಉಪಗ್ರಹಕ್ಕೆ ವರದಿ ಕಳಿಸುವ ಆರ್ಗೋ ಯಂತ್ರಗಳು ಅದನ್ನು ಒದಗಿಸುತ್ತವೆ.

ಲೆಕ್ಕಕ್ಕೆ ಸಿಗದ ಲಾಭ ಬೇರೆಯೇ ಇದೆ. 2004ರ ಡಿಸೆಂಬರ್ 26ರ ಸುನಾಮಿ ಭಾರತದಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮೇಲೆ, 2007ರಲ್ಲಿ ಇನ್‌ಕಾಯ್ಸ್‌ನಲ್ಲೇ ಸುನಾಮಿ ಎಚ್ಚರಿಕೆ ಕೇಂದ್ರ ಆರಂಭವಾಯಿತು. 2012ರ ಏಪ್ರಿಲ್ 11ರಂದು ಸುಮಾತ್ರಾ ಬಳಿ 8.6 ತೀವ್ರತೆಯ ಭೂಕಂಪವಾದಾಗ, ಮುಖ್ಯ ಭೂಭಾಗದ ಕರಾವಳಿಯನ್ನು ಖಾಲಿ ಮಾಡಿಸುವ ಎಚ್ಚರಿಕೆಯನ್ನು ಕೇಂದ್ರ ಕೊಡಲಿಲ್ಲ. ಅದರ ಅಂದಾಜು ಸರಿಯಾಗಿತ್ತು. ಲಕ್ಷಾಂತರ ಜನ ಮನೆ ಬಿಟ್ಟು ಓಡದೇ ಉಳಿದದ್ದನ್ನು ಯಾವ ಖಾತೆಗೆ ಜಮಾ ಮಾಡುವುದು?

ಯುನೆಸ್ಕೋದ 2020ರ ವರದಿಯಂತೆ ದೇಶಗಳು ತಮ್ಮ ಸಂಶೋಧನಾ ಹಣದಲ್ಲಿ ಸಾಗರ ವಿಜ್ಞಾನಕ್ಕೆ ಕೊಡುವುದು ಸರಾಸರಿ ಶೇ. 1.7 ಮಾತ್ರ. ಭಾರತ 2021ರಲ್ಲಿ ಡೀಪ್ ಓಷನ್ ಮಿಷನ್ನಿಗೆ ಐದು ವರ್ಷಕ್ಕೆ 4,077 ಕೋಟಿ ರೂಪಾಯಿ ಮಂಜೂರು ಮಾಡಿತು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲೆಂದು ರೂಪಿಸಿದ ಜಲಾಂತರ್ವಾಹನ ‘ಮತ್ಸ್ಯ 6000’ರ ಚಿತ್ರ ಪತ್ರಿಕೆಗಳಲ್ಲಿ ರಾರಾಜಿಸುತ್ತದೆ. ಕಡಲಲ್ಲಿ ಲಂಗರು ಹಾಕಿ ನಿಲ್ಲಿಸಿದ, ತೇಲುತ್ತ ಅಳತೆ ಮಾಡುವ ಬೋಯ್‌ಗಳಿಗೆ ಆ ಭಾಗ್ಯವಿಲ್ಲ. ಅವುಗಳ ಬ್ಯಾಟರಿ ಬದಲಿಸಲು, ಪಾಚಿ ಕೆರೆಯಲು ಮತ್ತೆ ಮತ್ತೆ ಹಡಗು ಹೋಗಬೇಕು. ಮಿಷನ್ ಮುಗಿದ ಮೇಲೂ ಹೋಗಬೇಕು.

ಬೋಯ್‌ನ ನೆರಳಿಗೆ ಮೀನು ಸೇರುವುದರಿಂದ ದೋಣಿಗಳು ಅದಕ್ಕೇ ಹಗ್ಗ ಕಟ್ಟುತ್ತವೆ, ಸಂವೇದಕಗಳು ಮುರಿಯುತ್ತವೆ, ಕೆಲವು ಕಳವೂ ಆಗುತ್ತವೆ. ಹೀಗಾಗಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ದುರಸ್ತಿಯ ಹಡಗು ಕಳಿಸುವುದರ ಜೊತೆಗೆ ಮೀನುಗಾರರ ನಡುವೆ ಜಾಗೃತಿ ಸಭೆಗಳನ್ನೂ ನಡೆಸುತ್ತಿದೆ.